ಪೆಡಲ್ ಮೇಲಿನ ಕಾಲು

ನಮ್ಮಣ್ಣ ಹೆಡ್ಲಿಗೆ ಕಣ್ಣು ಕಾಣುವುದಿಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಮೂಂಟಾ ಊರಿಗೆಲ್ಲ ಗೊತ್ತಿತ್ತು. ಬೇಕರಿಯ ಮುಂದಿನ ಅಂಚೆ ಡಬ್ಬಿಗೆ ಟೋಪಿ ಎತ್ತಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದ್ದನ್ನು ನಾಲ್ಕು ಜನ ನೋಡಿದ್ದರು. ಚಹಾವನ್ನು ಬಟ್ಟಲಿನ ಪಕ್ಕಕ್ಕೆ ಸುರಿದು, ಮೇಜೇ ವಾಲಿದೆ ಎಂದು ಅದರ ಕಾಲಿಗೆ ರಟ್ಟು ಸಿಕ್ಕಿಸಿದ್ದ. ಅತ್ತಿಗೆ ವೆರ್ನಾ ತುಟಿ ಪಿಟಕ್ಕೆನ್ನದೆ ಒರೆಸಿದ್ದಳು. ನೋಟದ ನಡುಭಾಗ ಮಸುಕಾಗುತ್ತ ಹೋಗುತ್ತದೆ, ಅಂಚು ಉಳಿಯುತ್ತದೆ, ತಿಂಗಳು ತಿಂಗಳು ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡರೆ ಇದ್ದಷ್ಟನ್ನು ಹಿಡಿದಿಡಬಹುದು ಎಂದು ಅಡಿಲೇಡಿನ ಡಾಕ್ಟರು ಹೇಳಿದ್ದರು. ಒಮ್ಮೆ ಹೋಗಿ ಬಂದವನು ಮತ್ತೆ ಹೋಗಲಿಲ್ಲ. ಆ ಡಾಕ್ಟರ ದೀಪವೇ ಸರಿಯಿರಲಿಲ್ಲ ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಈಗ ಮೊಲವೇ ಕಾಣದಿದ್ದರೂ ಕಾಲು ಮೂರೇ.

ನಾನು ಅವನ ತಂಗಿ ಗ್ಲೆನಿಸ್. ಮದುವೆಯ ಗೋಜಿಗೆ ಹೋಗಲಿಲ್ಲ. ವಯಾಲಾದ ಒಂದು ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ದಣಿದ ಮೇಲೆ ಈ ಮನೆಯ ಹಿಂದಿನ ಕೋಣೆ ಸೇರಿಕೊಂಡೆ. ಮಾಂಸ, ಗೆಡ್ಡೆ ತುಂಬಿದ ದೊಡ್ಡ ಕರ್ಜಿಕಾಯಿಯಂಥ ಶುಕ್ರವಾರದ ಪಾಸ್ಟಿ ಮಾಡುವುದು ನನ್ನ ಕೆಲಸ, ಇಸ್ತ್ರಿ ನನ್ನ ಕೆಲಸ, ಯಾರೂ ಕೇಳದಿದ್ದರೂ ಬುದ್ಧಿ ಹೇಳುವುದು ಕೂಡ ನನ್ನದೇ. ಹಿಂದಿನ ಚಳಿಗಾಲದಲ್ಲಿ ಅಣ್ಣನ ಮಗಳು ಟ್ಯಾಮ್ಸಿನ್ ಗಂಡನನ್ನು ಬಿಟ್ಟು ಎರಡು ಪೆಟ್ಟಿಗೆ ಹಿಡಿದುಕೊಂಡು ಬಂದಳು. ವಾಲರೂ ಬಂದರಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ಎಬ್ಬಿಸಿ ಕೂರಿಸುವ, ತೊಳೆಯುವ ಕೆಲಸ ಹಿಡಿದಳು. ನಲವತ್ತು ದಾಟಿದ ಹೆಂಗಸು ತನ್ನ ಹಳೆಯ ಕೋಣೆಯ ಸಣ್ಣ ಮಂಚದ ಮೇಲೆ ಕಾಲು ಮಡಿಸಿಕೊಂಡು ಮಲಗುತ್ತಿದ್ದಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಕೇಳದಿರುವುದೇ ಪ್ರೀತಿ ಎಂದು ನಮ್ಮ ಮನೆಯವರು ತಿಳಿದಿದ್ದರು.

ಇನ್ನು ಕಾರು. ಐವತ್ತನಾಲ್ಕರ ಹೋಲ್ಡನ್, ನಮ್ಮಪ್ಪ ಕೊಂಡದ್ದು. ಕಡಲ ದಂಡೆಯ ಉಪ್ಪುಪೊದೆಯ ಎಲೆಗೆ ಯಾವ ಬಣ್ಣವೋ ಅದೇ ಬಣ್ಣ, ಹಸಿರೂ ಅಲ್ಲ ಬೂದಿಯೂ ಅಲ್ಲ. ಅಪ್ಪನ ನಂತರ ಹೆಡ್ಲಿ ಅದನ್ನು ನೋಡಿಕೊಂಡ. ಯಾವ ಗ್ಯಾರೇಜಿನವನೂ ಅದರ ಬಾನೆಟ್ ಎತ್ತಿದ್ದಿಲ್ಲ. ವಾಲರೂವಿನ ಗೋಧಿ ಗೋದಾಮಿನಲ್ಲಿ ದಿನವೆಲ್ಲ ಧೂಳು ಕುಡಿದು ಬಂದವನು ಕೈತೊಳೆದು ನೇರ ಹಿತ್ತಲ ತಗಡಿನ ಶೆಡ್ಡಿಗೆ ಹೋಗುತ್ತಿದ್ದ, ಊಟಕ್ಕೆ ಕೂಗಿದರೆ ಬರುತ್ತಿದ್ದ. ಲೈಸೆನ್ಸ್ ಹೋದ ಮೇಲೂ ಭಾನುವಾರ ಭಾನುವಾರ ಕಾರನ್ನು ಹಿಂದಿನ ಗಲ್ಲಿಯ ಕೊನೆಯವರೆಗೆ ಓಡಿಸಿ, ಹಾಗೇ ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದ. ಫೆಬ್ರವರಿಯಲ್ಲಿ, ನಮ್ಮ ಕಡೆಯ ಬೇಸಿಗೆ ಮುಗಿಯುತ್ತಿದ್ದ ಒಂದು ಭಾನುವಾರ ಹಾಗೆ ಹಿಂದಕ್ಕೆ ಬರುವಾಗ ಪಕ್ಕದ ಮನೆಯ ನೀರಿನ ತೊಟ್ಟಿಗೆ ತಾಗಿಸಿದ. ತೊಟ್ಟಿಯ ಪಕ್ಕದಲ್ಲಿ ಆ ಮನೆಯ ಮುದುಕಿ ಗುಲಾಬಿ ಗಿಡ ಕತ್ತರಿಸುತ್ತಿದ್ದಳು. ಅವಳಿಗೇನೂ ಆಗಲಿಲ್ಲ. ಆದರೆ ವೆರ್ನಾ ಆ ವಾರವೆಲ್ಲ ನಿದ್ದೆ ಮಾಡಲಿಲ್ಲ.

ಶುಕ್ರವಾರ ಪಾಸ್ಟಿಗೆ ಕೂತೆವು. ನಮ್ಮ ಕಡೆ ಪ್ರತಿಯೊಬ್ಬರ ಪಾಸ್ಟಿಯ ಮೂಲೆಯಲ್ಲಿ ಹಿಟ್ಟಿನಿಂದಲೇ ಅವರವರ ಹೆಸರಿನ ಮೊದಲ ಅಕ್ಷರ ಒತ್ತಿರುತ್ತೇವೆ, ಅರ್ಧ ತಿಂದಿಟ್ಟರೂ ಯಾರದೆಂದು ತಿಳಿಯಲಿ ಎಂದು. ಹೆಡ್ಲಿ ಮಗಳದನ್ನು ಎತ್ತಿಕೊಂಡು ಕಚ್ಚಿದ. ಟ್ಯಾಮ್ಸಿನ್ ಮಾತಿಲ್ಲದೆ ಅಪ್ಪನದನ್ನು ತನ್ನ ತಟ್ಟೆಗೆ ಹಾಕಿಕೊಂಡಳು, ಅದರಲ್ಲಿದ್ದ ಟರ್ನಿಪ್ ಗೆಡ್ಡೆ ಅವಳಿಗೆ ಸೇರದಿದ್ದರೂ.

ಅಡಿಲೇಡಿನ ಶಿರ್ಮರ್ ಎಂಬುವರು, ಹಲ್ಲಿನ ಡಾಕ್ಟರಾಗಿದ್ದವರು, ಹಳೆಯ ಕಾರು ಹುಡುಕುತ್ತಿದ್ದಾರೆ, ತಾನು ಅವರ ಹತ್ತಿರ ಮಾತಾಡಿದ್ದೇನೆ ಎಂದು ವೆರ್ನಾ ಸಾಸ್ ಬಾಟಲಿಯನ್ನು ಗಂಡನ ಕೈಗೆ ಸಿಗುವಂತೆ ಸರಿಸುತ್ತ ಹೇಳಿದಳು.

"ಯಾವ ಕಾರು ಕೊಡೋಕೆ?" ಅಂದ ಹೆಡ್ಲಿ.

"ಟ್ಯಾಮ್‌ದು ಬಿಟ್ರೆ ಈ ಮನೇಲಿ ಇರೋದು ಒಂದೇ."

"ಅದು ಮಾರೋಕಿಲ್ಲ."

"ಓಡಿಸೋರಿಲ್ಲ. ರಿಪೇರಿ ಮಾಡೋರಿಲ್ಲ. ಇನ್ಯಾಕೆ ಇಟ್ಕೋಬೇಕು? ನೀನು ಇನ್ನೊಬ್ರ ಮನೆ ಮುದುಕೀನ ಕೊಲ್ಲೋವರೆಗೂ ನಾನು ಬಾಯ್ಮುಚ್ಕೊಂಡು ಇರ್ಬೇಕಾ?"

ತೊಟ್ಟಿ ಇದ್ದ ಜಾಗವೇ ಸರಿಯಿಲ್ಲ ಎಂದು ಹೆಡ್ಲಿ ಶುರುಮಾಡಿದ. ವೆರ್ನಾ ಡಾಕ್ಟರ ಮಾತು ಎತ್ತಿದಳು. ಅವನು ತನ್ನ ಕಣ್ಣಿಗೆ ಏನೂ ಆಗಿಲ್ಲ, ಕನ್ನಡಕ ಹಳೆಯದಾಗಿದೆ ಅಷ್ಟೇ ಎಂದ. ಆ ಕನ್ನಡಕದ ವಿಷಯ ನಾನು ಎಷ್ಟು ಸಲ ಕೇಳಿದ್ದೆನೋ. ಅಷ್ಟರಲ್ಲಿ ಟ್ಯಾಮ್ಸಿನ್ ಬಾಯೊರೆಸಿಕೊಂಡು, "ನಾನು ಕಲೀತೀನಿ," ಅಂದಳು.

ಹೆಡ್ಲಿ ಮೊದಲು ನಕ್ಕ.

"ನೀನಾ? ಚಿಕ್ಕೋಳಿದ್ದಾಗ ಟಾರ್ಚ್ ಹಿಡಿ ಅಂದ್ರೆ ಗೋಡೆಗೆ ಹಿಡೀತಿದ್ದೆ."

"ನೀನು ಡೆನ್ಝಿಲ್‌ಗೆ ಹೇಳಿಕೊಡ್ತಿದ್ದೆ. ನನಗೆ ಟಾರ್ಚ್ ಮಾತ್ರ ಕೊಡ್ತಿದ್ದೆ. ಏನೂ ಕಾಣದೇ ಇರೋ ಕಡೆ ನಿಂತು ಎಲ್ಲಿಗೆ ಹಿಡೀಲಿ?"

ಡೆನ್ಝಿಲ್ ಅವಳ ತಮ್ಮ. ಪಶ್ಚಿಮದ ಗಣಿಗೆ ಹೋಗಿ ಸೇರಿದವನಿಗೆ ಈಗ ಪಂಕ್ಚರ್ ಹಾಕಲೂ ಆಳು ಬೇಕು. ವೆರ್ನಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ನಿಂತುಕೊಂಡೇ ತೀರ್ಪು ಕೊಟ್ಟಳು.

"ನಿನ್ನಪ್ಪ ಸ್ಪ್ಯಾನರ್ ಮುಟ್ಟಬಾರದು. ಬರೀ ಬಾಯಲ್ಲಿ ಹೇಳ್ಕೊಡ್ಲಿ. ಗೋಧಿ ಬಿತ್ತನೆ ಮುಗಿಯೋ ಹೊತ್ತಿಗೆ ನೀನು ನಮ್ಮನ್ನೆಲ್ಲ ಅದ್ರಲ್ಲಿ ವಾಲರೂಗೆ ಕರ್ಕೊಂಡ್ಹೋಗಿ ಕ್ಷೇಮವಾಗಿ ವಾಪಸ್ ತಂದ್ಬಿಡು. ಆಮೇಲೆ ನಾನು ಈ ಮಾತು ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಶಿರ್ಮರ್ ಬರ್ತಾರೆ."

ಕಾರು ಹೋದರೆ ಶೆಡ್ಡು ಹೋದ ಹಾಗೆ, ಶೆಡ್ಡು ಹೋದರೆ ಹೆಡ್ಲಿಗೆ ಬೆಳಿಗ್ಗೆ ಏಳುವುದಕ್ಕೆ ಕಾರಣವೇ ಉಳಿಯುವುದಿಲ್ಲ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ವೆರ್ನಾಗೂ ಗೊತ್ತಿತ್ತು. ಪಾತ್ರೆ ತೊಳೆಯುವಾಗ ಅವಳ ಕಣ್ಣು ತುಂಬಿದ್ದನ್ನು ಒರೆಸುವ ಬಟ್ಟೆ ಹಿಡಿದು ನಿಂತ ನಾನು ನೋಡಿದೆ.

ಹೀಗೆ ಪಾಠ ಶುರುವಾಯಿತು. ಟ್ಯಾಮ್ಸಿನ್‌ಗೆ ಬೆಳಗಿನ ಪಾಳಿ ಇದ್ದ ದಿನ ಮಧ್ಯಾಹ್ನ, ಭಾನುವಾರವಾದರೆ ಇಡೀ ದಿನ. ನಾನೂ ಹುರುಳಿಕಾಯಿಯ ನಾರು ತೆಗೆಯುವ ನೆಪದಲ್ಲಿ ಶೆಡ್ಡಿಗೆ ಹೋಗಿ ಹಳೆಯ ಸೀಟೊಂದರ ಮೇಲೆ ಕೂರುತ್ತಿದ್ದೆ. ತಗಡಿನ ಮೊಳೆ ತೂತುಗಳಿಂದ ಬಿಸಿಲು ಸಣ್ಣ ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ಎಳೆಯಲ್ಲಿ ಗೋಧಿ ಹೊಲದ ಧೂಳು ನಿಧಾನಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಗ್ರೀಸಿನ ವಾಸನೆ, ಪೆಟ್ರೋಲಿನ ವಾಸನೆ, ದೂರದ ಕೊಲ್ಲಿಯಿಂದ ಬರುವ ಪಾಚಿಯ ವಾಸನೆ. ಕಾರಿನ ಕೆಳಗಿನಿಂದ ಮಗಳ ಕಾಲುಗಳು ಮಾತ್ರ ಕಾಣುತ್ತಿದ್ದವು. ಹೆಡ್ಲಿ ಡಬ್ಬಿಯ ಮೇಲೆ ಕೂತು ಗಾಳಿಗೆ ಪಾಠ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ನಾನು ತೂಕಡಿಸುತ್ತಿದ್ದೆ, ಎಚ್ಚರವಾದಾಗ ಅದೇ ಮಾತು, ಅದೇ ಬಿಸಿಲು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತಿತ್ತು. ನಮ್ಮಪ್ಪನೇ ಇನ್ನೂ ಕಾರಿನ ಕೆಳಗಿದ್ದಾನೆ, ನಮ್ಮಮ್ಮ ಈಗ ಕೂಗುತ್ತಾಳೆ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು. ನನಗೆ ಆ ಮಧ್ಯಾಹ್ನಗಳು ಬಹಳ ಹಿಡಿಸಿದ್ದವು.

ಮೊದಲ ಕೆಲವು ವಾರ ಅವನು ಗ್ರೀಸ್ ತುಂಬುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ. ಕಾರಿನ ಹೊಟ್ಟೆಯ ಕೆಳಗೆ ಗ್ರೀಸ್ ಕುಡಿಯುವ ತೂತುಗಳು ಎಲ್ಲೆಲ್ಲಿವೆ ಎಂದು ಕಣ್ಣು ಮುಚ್ಚಿಕೊಂಡು ಹುಡುಕಬೇಕು ಎಂದ. ಅವಳು ಕಣ್ಣು ಬಿಟ್ಟು ಹುಡುಕಿದರೆ ಹೇಗೋ ಅವನಿಗೆ ತಿಳಿಯುತ್ತಿತ್ತು. ಬೇಗ ಸಿಕ್ಕಿತಲ್ಲ, ಮೋಸ, ಎನ್ನುತ್ತಿದ್ದ. ಕಣ್ಣಿಗೆ ಕೆಲಸ ಕೊಡಬೇಡ, ಬೆರಳಿಗೆ ಕೊಡು ಎನ್ನುವುದು ಅವನ ಪಾಠದ ಮೊದಲ ಮಾತೂ ಹೌದು, ಕೊನೆಯದೂ ಹೌದು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಒಳಗೆ ಯಾವುದು ಸಡಿಲವಾಗಿದೆ ಎಂದು ಕೇಳಿಸಿದ. ವೆರ್ನಾಳ ಹೊಲಿಗೆ ಮಷೀನಿನ ಸದ್ದು ಬರುವವರೆಗೂ ತಿರುಪು ತಿರುಗಿಸು ಎಂದ. ಅವನು ತನಗೆ ಗೊತ್ತಿಲ್ಲದೆಯೇ ತಾನು ಕುರುಡಾದ ಮೇಲೆ ಕಂಡುಕೊಂಡ ದಾರಿಯನ್ನೇ ಅವಳಿಗೆ ಹೇಳಿಕೊಡುತ್ತಿದ್ದ.

ಹೇಳಿಕೊಡುವ ಬಾಯಿ ಮಾತ್ರ ಮೊದಲಿನದೇ. ಒಂದು ದಿನ ಅವಳು ಎಂಜಿನ್ ಆಯಿಲ್ ಬಸಿಯುವ ಬೋಲ್ಟನ್ನು ಜೋರಾಗಿ ಬಿಗಿದು ಅದರ ತಲೆ ಸವೆಸಿಬಿಟ್ಟಳು.

"ಅಷ್ಟು ಬಿಗೀತಾರಾ? ನಿನ್ನ ಗಂಡನ ಕುತ್ತಿಗೆ ಅಂದ್ಕೊಂಡ್ಯಾ?" ಅಂದ ಹೆಡ್ಲಿ.

ನಾನು ಹುರುಳಿಕಾಯಿ ಬಿಟ್ಟು ತಲೆಯೆತ್ತಿದೆ. ಕಾರಿನ ಕೆಳಗಿನಿಂದ ನಗು ಬಂತು, ಮೊದಲು ತಡೆದು, ಆಮೇಲೆ ತಡೆಯಲಾರದೆ. ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಹೊರಗೆ ಬಂದಾಗ ಮುಖದ ತುಂಬ ಮಸಿ, ಮಸಿಯ ಮೇಲೆ ಕಣ್ಣೀರಿನ ದಾರಿ. ಅವತ್ತು ರಾತ್ರಿಯ ಊಟಕ್ಕೆ ಅಪ್ಪ ಮಗಳು ಇಬ್ಬರೂ ಕಾರ್ಬೊರೇಟರ್ ಬಗ್ಗೆ ಎಷ್ಟು ಮಾತಾಡಿದರೆಂದರೆ ವೆರ್ನಾ ಎದ್ದು ರೇಡಿಯೋ ಹಾಕಿದಳು.

ಏಪ್ರಿಲಿನಲ್ಲಿ ಹಿತ್ತಲ ಕ್ವಿನ್ಸ್, ಸೇಬಿನಂಥ ಒಗರು ಹಣ್ಣು, ಬಲಿತವು. ವೆರ್ನಾ ಅವನ್ನು ಪಾಕದಲ್ಲಿ ಬೇಯಿಸಿ ಗಾಜಿನ ಜಾಡಿಗೆ ತುಂಬಿಡುತ್ತಾಳೆ. ಜಾಡಿಗಳು ಶೆಡ್ಡಿನ ಮೇಲಿನ ಹಲಗೆಯಲ್ಲಿ, ಹೆಡ್ಲಿಯ ಎಣ್ಣೆ ಬಾಟಲಿಗಳ ಹಿಂದೆ ಇರುತ್ತವೆ. ಆ ಬಾಟಲಿಗಳದ್ದೊಂದು ಕಥೆ. ನಮ್ಮಪ್ಪನ ಕಾಲದಿಂದಲೂ ಎಲ್ಲ ಎಣ್ಣೆಯನ್ನೂ ಶರಬತ್ತಿನ ಖಾಲಿ ಬಾಟಲಿಗೇ ಸುರಿದಿಡುವುದು. ಎಲ್ಲವೂ ಒಂದೇ ಆಕಾರ, ಯಾವುದಕ್ಕೂ ಚೀಟಿ ಇಲ್ಲ. ಎಡದ ತುದಿಯದು ಬ್ರೇಕ್ ಆಯಿಲ್, ಪಕ್ಕದ್ದು ಎಂಜಿನ್ ಆಯಿಲ್, ಹೀಗೆ. ಚೀಟಿ ಅಂಟಿಸುವುದು ಜ್ಞಾಪಕ ಇಲ್ಲದವರ ಕೆಲಸ ಎಂದು ಅಪ್ಪ ಹೇಳುತ್ತಿದ್ದ, ಹೆಡ್ಲಿಯೂ ಹೇಳುತ್ತಿದ್ದ. ವೆರ್ನಾ ಜಾಡಿ ತೆಗೆಯಲೆಂದು ಬಾಟಲಿಗಳನ್ನು ಇಳಿಸಿದಳು, ಪಾಪ, ಮೈಯೆಲ್ಲ ಜಿಡ್ಡಾಗಿದೆಯೆಂದು ಬಿಸಿನೀರಿನಲ್ಲಿ ಒರೆಸಿ ಹೊಳಪು ಬರಿಸಿದಳು, ಸಾಲಾಗಿ ಮೇಲಿಟ್ಟಳು. ಸಾಲಿನ ಕ್ರಮ ಮಾತ್ರ ಅವಳದೇ.

ಟ್ಯಾಮ್ಸಿನ್‌ಗೆ ಅದರಿಂದ ತೊಂದರೆಯಾಗಲಿಲ್ಲ. ಅವಳು ಬಣ್ಣ ನೋಡುತ್ತಾಳೆ, ಮೂಸುತ್ತಾಳೆ. ವಾಲರೂ ಪ್ರಯಾಣಕ್ಕೆ ಒಂದು ವಾರವಿರುವಾಗ ಬ್ರೇಕ್‌ಗಳನ್ನೆಲ್ಲ ಬಿಚ್ಚಿ ಒರೆಸಿ ಕೂಡಿಸಿ, ನನ್ನಿಂದ ಪೆಡಲ್ ಒತ್ತಿಸಿಕೊಂಡು ಬ್ರೇಕ್ ಆಯಿಲ್ ತುಂಬಿಸಿ, ಮರುದಿನ ಆಸ್ಪತ್ರೆಗೆ ಹೋದಳು. ಆ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಹೆಡ್ಲಿ ಕಾರಿನ ಬಾಗಿಲ ಬಳಿ ಮಂಡಿಯೂರಿದ್ದ. ಆ ಕಾರಿನಲ್ಲಿ ಬ್ರೇಕ್ ಆಯಿಲ್ ಹಾಕುವ ಬಾಯಿ ಡ್ರೈವರನ ಕಾಲ ಕೆಳಗೆ, ಚಾಪೆ ಎತ್ತಿ ಮುಚ್ಚಳ ತೆಗೆದರೆ ಸಿಗುವ ಕತ್ತಲೆ ತೂತಿನಲ್ಲಿದೆ. ಅವನು ಬೆರಳು ಇಳಿಸಿ ಮಟ್ಟ ನೋಡಿದ, ಎದ್ದು ಹೋಗಿ ಎಡದ ತುದಿಯ ಬಾಟಲಿ ತಂದ, ಒಂಚೂರು ಸುರಿದ, ಚಾಪೆ ಎಳೆದ. ಮಗಳ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದಾನೆ ಎಂದು ನಾನು ನಕ್ಕು ಒಳಗೆ ಹೋದೆ.

ಭಾನುವಾರ ಹೊರಟೆವು. ಟ್ಯಾಮ್ಸಿನ್ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ವೆರ್ನಾ ಟೋಪಿ ಹಾಕಿಕೊಂಡು, ಹಿಂದೆ ನಾನು ಮತ್ತು ಹೆಡ್ಲಿ. ಹಿಂದಿನ ಸೀಟಿನಲ್ಲಿ ಕೂತದ್ದಕ್ಕೆ ಅವನು ಊರು ದಾಟುವವರೆಗೂ ಗೊಣಗಿದ. ಆಮೇಲೆ ಸುಮ್ಮನಾಗಿ ಕಿಟಕಿಗೆ ತಲೆಯಾನಿಸಿ ಎಂಜಿನ್ನನ್ನೇ ಕೇಳುತ್ತ ಕೂತ. ಎರಡೂ ಕಡೆ ಆಗತಾನೆ ಬಿತ್ತಿದ ಕೆಂಪು ಹೊಲ, ಹೊಲದ ಕೊನೆಗೆ ಕೊಲ್ಲಿಯ ನೀರು, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಎಲ್ಲ ಒಂದೇ ತಿಳಿನೀಲಿ. ವಾಲರೂವಿನಲ್ಲಿ ಕಡಲಿಗೆ ಚಾಚಿದ ಜೆಟ್ಟಿಯ ಮೇಲೆ ಕಾಲು ಇಳಿಬಿಟ್ಟು ಮೀನು ಮತ್ತು ಆಲೂಗಡ್ಡೆ ತಿಂದೆವು. ಕೆಳಗೆ ನೀರು ಅಲೆಯಿಲ್ಲದೆ ಉಸಿರಾಡುತ್ತಿತ್ತು. ಯಾರಿಗೂ ಏಳುವ ಮನಸ್ಸಿರಲಿಲ್ಲ. ವೆರ್ನಾ ಗಂಡನ ಅಂಗಿಯ ಮೇಲೆ ಬಿದ್ದ ಚೂರುಗಳನ್ನು ತಟ್ಟಿ ತೆಗೆದಳು, ಅವನು ಬೇಡವೆನ್ನಲಿಲ್ಲ. ಇನ್ನು ಶಿರ್ಮರ್ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಮರಳಿ ಬರುವಾಗ ಅರ್ಧ ದಾರಿಯಲ್ಲಿ ಕಾರು ಭಾರವಾಯಿತು. ಟ್ಯಾಮ್ಸಿನ್ ಆಕ್ಸಿಲರೇಟರ್ ಒತ್ತಿದಷ್ಟೂ ಯಾರೋ ಹಿಂದಿನಿಂದ ಹಿಡಿದೆಳೆದಂತೆ. ಸುಟ್ಟ ವಾಸನೆ ಬಂತು. ಅವಳು ಪಕ್ಕಕ್ಕೆ ನಿಲ್ಲಿಸಿ ಇಳಿಯುವಷ್ಟರಲ್ಲಿ ಮುಂದಿನ ಗಾಲಿಯಿಂದ ಹೊಗೆ ಏಳುತ್ತಿತ್ತು. ಬ್ರೇಕ್ ಹಿಡಿದದ್ದು ಬಿಟ್ಟಿರಲಿಲ್ಲ.

ಹೆಡ್ಲಿ ಬಾಗಿಲು ತಡವಿ ಇಳಿದ, ಮೂಸಿ ನೋಡಿದ.

"ಏನು ಸುರಿದೆ ಅದಕ್ಕೆ?" ಅಂದ ಮಗಳಿಗೆ, ವೆರ್ನಾಳ ಎದುರೇ.

ಟ್ಯಾಮ್ಸಿನ್ ಮಂಡಿಯೂರಿ ಚಾಪೆ ಎತ್ತಿದಳು, ಬೆರಳದ್ದಿ ತೆಗೆದು ಹೆಬ್ಬೆರಳಿಗೆ ಉಜ್ಜಿದಳು. ಎಂಜಿನ್ ಆಯಿಲ್ ಬೆರೆತರೆ ಬ್ರೇಕಿನ ಒಳಗಿನ ರಬ್ಬರುಗಳೆಲ್ಲ ಊದಿಕೊಂಡು ಕಚ್ಚಿ ಹಿಡಿಯುತ್ತವೆ, ಇಷ್ಟು ಹೊತ್ತಿಗೆ ನನಗೂ ಅಷ್ಟು ಗೊತ್ತಾಗಿತ್ತು. ಅವಳು ಅಪ್ಪನ ಮುಖ ನೋಡಿದಳು. ಬೈಯಲು ತೆರೆದ ಬಾಯನ್ನು ಅವನು ಮುಚ್ಚಿಕೊಂಡ. ಆ ಹೊತ್ತಿಗೇ ಅವನಿಗೆ ತಿಳಿದುಹೋಗಿತ್ತು ಎಂದು ನನಗನ್ನಿಸುತ್ತದೆ. ನಾನು ಬಾಯಿ ತೆರೆಯಹೊರಟೆ. ಅವಳು ನನ್ನ ಕಡೆ ನೋಡಿ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು.

"ತಪ್ಪಾಯ್ತು. ಬಾಟ್ಲಿ ನೋಡ್ದೆ ಹಾಕ್ಬಿಟ್ಟಿದೀನಿ," ಅಂದಳು.

ವೆರ್ನಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈಯಲಿಲ್ಲ. ಮುಂದಿನ ಭಾನುವಾರ ಬರಲು ಶಿರ್ಮರ್‌ಗೆ ಹೇಳುತ್ತೇನೆ ಎಂದಷ್ಟೇ ಅಂದಳು. ಗಾಲಿ ತಣ್ಣಗಾಗುವವರೆಗೆ ಹೊಲದ ಅಂಚಿನಲ್ಲಿ ನಾಲ್ಕು ಜನ ನಾಲ್ಕು ಕಡೆ ನೋಡುತ್ತ ಕೂತೆವು. ಹೆಡ್ಲಿ ಮನೆ ತಲುಪುವವರೆಗೆ ಒಂದೇ ಒಂದು ಮಾತಾಡಲಿಲ್ಲ, ಮಗಳ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ನನಗೆ ಅವನ ಮೇಲೆ ಮೈಯೆಲ್ಲ ಉರಿಯಿತು.

ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಾಗ, ಅವನು ಮಾಡಿದ್ದನ್ನು ನೀನ್ಯಾಕೆ ತಲೆ ಮೇಲೆ ಹೊತ್ತೆ, ನಾನು ಕಣ್ಣಾರೆ ನೋಡಿದ್ದೇನೆ ಎಂದೆ.

"ಅಪ್ಪ ಹಾಕಿದ್ದು ಅಂತ ಗೊತ್ತಾದ್ರೆ ಅಮ್ಮ ಶೆಡ್ಡಿಗೇ ಬೀಗ ಹಾಕ್ತಾಳೆ, ಅತ್ತೆ. ನನಗೆ ಇನ್ನೊಂದು ಕಾರು ಸಿಗುತ್ತೆ. ಅವನಿಗೆ ಇನ್ನೇನು ಸಿಗುತ್ತೆ?"

"ಅವನು ಸುಮ್ನಿದ್ದನಲ್ಲ, ಅದು ಸರೀನಾ?"

"ಸರಿಯಲ್ಲ," ಅಂದಳು. ಆಲೂಗಡ್ಡೆ ಹೆಚ್ಚುತ್ತಿದ್ದ ಕೈ ನಿಂತಿತ್ತು. "ನೋವಾಯ್ತು ಅತ್ತೆ. ಆದ್ರೆ ಕೇಳೋಕೆ ಹೋಗಲ್ಲ."

ನಿಲ್ಲದ ಕಾರನ್ನು ಇನ್ನೊಬ್ಬರಿಗೆ ಕೊಡುವುದು ಪಾಪ, ಮಾರುವುದಾದರೂ ಬ್ರೇಕ್ ಸರಿ ಮಾಡಿಯೇ ಮಾರಬೇಕು ಎಂದು ಅವಳು ಹಟ ಹಿಡಿದಳು. ವೆರ್ನಾ ಒಪ್ಪಿದಳು. ಹೊಸ ರಬ್ಬರುಗಳು ಅಡಿಲೇಡಿನಿಂದ ಬಂದವು. ಆಸ್ಪತ್ರೆಯಿಂದ ಬಂದವಳು ಬಟ್ಟೆ ಬದಲಾಯಿಸಿ ನೇರ ಕಾರಿನ ಕೆಳಗೆ ಇಳಿಯುತ್ತಿದ್ದಳು, ಊದಿದ ರಬ್ಬರುಗಳನ್ನು ಒಂದೊಂದಾಗಿ ಕಿತ್ತು, ಕೊಳವೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದಳು. ಹೆಡ್ಲಿ ಅಡುಗೆಮನೆಯ ಕಿಟಕಿಯ ಬಳಿ ಕೂತು ಶೆಡ್ಡಿನ ಸದ್ದು ಕೇಳುತ್ತಿದ್ದ. ಹೋಗಲಿಲ್ಲ. ಊಟ ಅರ್ಧಕ್ಕೇ ಬಿಡುತ್ತಿದ್ದ.

ಶನಿವಾರ ಮಧ್ಯಾಹ್ನ ಅವಳು ಕೈಯೊರೆಸುತ್ತ ಅಡುಗೆಮನೆ ಬಾಗಿಲಿಗೆ ಬಂದು, ಬ್ರೇಕಿನ ಕೊಳವೆಯೊಳಗೆ ಸೇರಿಕೊಂಡ ಗಾಳಿ ತೆಗೆಯಬೇಕು, ಪೆಡಲ್ ಒತ್ತುವುದಕ್ಕೆ ಒಬ್ಬರು ಬೇಕು ಎಂದಳು. ಅದು ಇಬ್ಬರಿಲ್ಲದೆ ಆಗದ ಕೆಲಸ. ಒಬ್ಬರು ಗಾಲಿಯ ಬಳಿ ಮಲಗಿ ತಿರುಪು ಸಡಿಲಿಸಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು. ಕೆಳಗಿದ್ದವರಿಗೆ ಪೆಡಲ್ ಕಾಣುವುದಿಲ್ಲ, ಮೇಲಿದ್ದವರು ಕಾಲು ಎಲ್ಲಿದೆ ಎಂದು ಕೂಗಿ ಹೇಳಬೇಕು. ಮೊದಲೇ ಕಾಲೆತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಪೆಡಲ್ ಮೇಲೆ ಕಾಲಿಟ್ಟು ಸುಳ್ಳು ಹೇಳಬಾರದು ಎಂಬುದು ನಮ್ಮಪ್ಪನ ಕಟ್ಟಳೆ. ಅಪ್ಪನಿಗೆ ನಾನು ಒತ್ತಿಕೊಡುತ್ತಿದ್ದೆ. ಹೆಡ್ಲಿಗೆ ವೆರ್ನಾ ಒತ್ತಿಕೊಟ್ಟಿದ್ದಳು, ಟ್ಯಾಮ್ಸಿನ್ ಒತ್ತಿಕೊಟ್ಟಿದ್ದಳು. ಪೆಡಲ್ ಹೆಂಗಸರಿಗೆ, ಸ್ಪ್ಯಾನರ್ ಗಂಡಸರಿಗೆ.

ನಾನು ಏಳಹೊರಟೆ. ಹೆಡ್ಲಿ ಕುರ್ಚಿ ಹಿಂದಕ್ಕೆ ತಳ್ಳಿದ.

"ನಾನು ಬರ್ತೀನಿ," ಅಂದ.

ಸ್ವಲ್ಪ ಹೊತ್ತಾದ ಮೇಲೆ ಚಹಾ ತೆಗೆದುಕೊಂಡು ಹೋದವಳು ಬಾಗಿಲಲ್ಲೇ ನಿಂತೆ. ಅವನು ಡ್ರೈವರನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ, ಎರಡೂ ಕೈ ಸ್ಟೀರಿಂಗ್ ಮೇಲೆ. ಅವಳು ಹಿಂದಿನ ಗಾಲಿಯ ಬಳಿ ಮಲಗಿದ್ದಳು, ಕೈಯಲ್ಲಿ ಜಾಡಿ, ಜಾಡಿಗೆ ಇಳಿದ ಸಣ್ಣ ಕೊಳವೆ.

"ಒತ್ತು."

"ಕೆಳಗಿದೆ."

"ಹಿಡ್ಕೋ. ಹಾಂ, ಬಿಡು."

"ಮೇಲೆ ಬಂತು."

ಮತ್ತೆ ಒತ್ತು, ಮತ್ತೆ ಕೆಳಗಿದೆ. ಮಲಗಿಸುವ ಮಗುವಿಗೆ ಹೇಳುವ ಹಾಗೆ ಅದೇ ನಾಲ್ಕು ಮಾತು, ಸುತ್ತಿ ಸುತ್ತಿ. ಬಿಸಿಲಿನ ಎಳೆಗಳು ಅವನ ಭುಜದ ಮೇಲೆ ಬಿದ್ದಿದ್ದವು. ಒಮ್ಮೆ ಅವನು ಅವಸರದಲ್ಲಿ ಕಾಲೆತ್ತಿದ. ತಾನು ಹೇಳುವ ಮುಂಚೆ ಬಿಟ್ಟರೆ ಹೇಗೆ, ಮತ್ತೆ ಮೊದಲಿನಿಂದ ಮಾಡಬೇಕು ಎಂದು ಅವಳು ಕೆಳಗಿನಿಂದ ಗದರಿದಳು, ಥೇಟ್ ಅವನದೇ ಧ್ವನಿಯಲ್ಲಿ. ಅವನು "ಸರಿ" ಅಂದ. ನಮ್ಮಣ್ಣ ಯಾರಿಗಾದರೂ ಸರಿ ಅಂದದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

ಗಾಲಿ ಬದಲಾಯಿತು. ಅವಳು ಮುಂದಿನದರ ಬಳಿಗೆ ತೆವಳಿದಳು.

"ಒತ್ತು."

"ಕೆಳಗಿದೆ," ಅಂದವನು ಸ್ವಲ್ಪ ತಡೆದು, "ಆ ಆಯಿಲ್ ಹಾಕಿದ್ದು ನಾನು, ಟ್ಯಾಮ್," ಅಂದ.

ಕೆಳಗೆ ಸ್ಪ್ಯಾನರ್ ನಿಂತಿತು.

"ಗೊತ್ತಪ್ಪ."

"ಗೊತ್ತಿದ್ದೂ ಮತ್ತೆ..."

"ಕಾಲು ಬಿಡ್ಬೇಡ. ಇನ್ನೂ ಗುಳ್ಳೆ ಬರ್ತಿದೆ." ಆಮೇಲೆ ಅವಳೇ ಮೆತ್ತಗೆ, "ಬಾಟ್ಲಿಗಳ ಜಾಗ ಬದಲಾಗಿತ್ತು. ಅಮ್ಮ ಜಾಡಿ ತೆಗೆಯೋವಾಗ," ಅಂದಳು.

"ಜಾಗ ಬದಲಾದ್ರೆ ಬಣ್ಣ ಬದಲಾಗುತ್ತಾ? ಬಾಟ್ಲಿ ಬೆಳಕಿಗೆ ಹಿಡಿದೆ. ನನಗೆ ಏನೂ ಕಾಣ್ಸಲಿಲ್ಲ. ಕಾಣ್ಸಲಿಲ್ಲ ಅಂತ ಗೊತ್ತಿದ್ದೂ ಸುರಿದೆ. ರಸ್ತೇಲಿ ಬಾಯಿ ಬಿಡ್ಲಿಲ್ಲ. ನಿನ್ನ ತಲೆ ಮೇಲೆ ಹಾಕಿ ಕೂತ್ಕೊಂಡೆ."

ಕೆಳಗೆ ಅವಳು ನಿಧಾನವಾಗಿ ತಿರುಪು ಬಿಗಿದಳು. ಅವನು ಕಾಲು ಎತ್ತಲಿಲ್ಲ. ತೊಡೆ ನಡುಗುತ್ತಿತ್ತು, ಆದರೂ ಒತ್ತಿ ಹಿಡಿದೇ ಇದ್ದ.

"ಬಿಡು," ಅಂದಳು ಅವಳು.

"ಮೇಲೆ ಬಂತು."

ನಾನು ಚಹಾವನ್ನು ಮೆಟ್ಟಿಲ ಮೇಲಿಟ್ಟು ಹಿಂದಿರುಗಿದೆ. ವೆರ್ನಾಗೆ ಹೇಳಲಿಲ್ಲ. ಅದು ಅವನು ಹೇಳಬೇಕಾದ ಮಾತು.

ಭಾನುವಾರ ಶಿರ್ಮರ್ ಬಂದರು. ಎತ್ತರದ, ಸಂಕೋಚದ ಮನುಷ್ಯ. ಕೈಯಲ್ಲಿ ಕಾಗದ ಸುತ್ತಿದ ಹೊಗೆಯಾಡಿಸಿದ ಸಾಸೇಜು, ತಾವೇ ಮಾಡಿದ್ದಂತೆ. ವೆರ್ನಾ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅವರನ್ನು ಹಿತ್ತಲಿಗೆ ಕರೆತಂದಳು. ಟ್ಯಾಮ್ಸಿನ್ ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿ ಒರೆಸಿದ್ದಳು. ಶಿರ್ಮರ್ ಮಾತಾಡದೆ ಸುತ್ತ ಒಂದು ಸಲ ನಡೆದರು, ಬಾಗಿಲ ಹಿಡಿಯ ಮೇಲೆ ಮೆಲ್ಲಗೆ ಕೈಯಿಟ್ಟರು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಹೆಡ್ಲಿಗೆ ಹೇಳಿ, ಬ್ರೇಕ್‌ಗಳಿಗೆ ಈಚೆಗೆ ಏನಾದರೂ ಕೆಲಸ ಮಾಡಿಸಿದ್ದೀರಾ ಎಂದು ಕೇಳಿದರು.

ಹೆಡ್ಲಿ ತಲೆಯಲ್ಲಾಡಿಸಿದ.

"ನನ್ನನ್ನ ಕೇಳ್ಬೇಡಿ. ಈ ಕಾರು ನೋಡ್ಕೊಳ್ಳೋದು ನನ್ನ ಮಗಳು. ಬ್ರೇಕ್ ಕೆಡಿಸಿದ್ದು ನಾನು, ಬೇರೆ ಎಣ್ಣೆ ಸುರಿದು. ಸರಿ ಮಾಡಿದ್ದು ಅವಳು." ಉಸಿರು ತೆಗೆದುಕೊಂಡ. "ನನಗೆ ಕಣ್ಣು ಕಾಣ್ಸಲ್ಲ."

ಶಿರ್ಮರ್ ಟ್ಯಾಮ್ಸಿನ್ ಕಡೆ ನೋಡಿದರು. ಟ್ಯಾಮ್ಸಿನ್ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನೆಲ ನೋಡುತ್ತಿದ್ದಳು. ವೆರ್ನಾ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಅವಳಿಗೆ ಕಾರು ಎಂದೂ ಭಾರವಾಗಿರಲಿಲ್ಲ. ಎರಡು ವರ್ಷದಿಂದ ಅವಳು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಕಾರು ಮಾರುವುದಿಲ್ಲ, ಅಷ್ಟು ದೂರದಿಂದ ಕರೆಸಿ ಹೀಗೆ ಹೇಳುವುದಕ್ಕೆ ಕ್ಷಮಿಸಬೇಕು, ಊಟ ಮಾಡಿಕೊಂಡೇ ಹೋಗಬೇಕು ಎಂದು ಶಿರ್ಮರ್‌ಗೆ ಹೇಳಿದಳು. ಪುಣ್ಯಾತ್ಮ, ಬೇಸರ ಮಾಡಿಕೊಳ್ಳಲಿಲ್ಲ. ಟೈರು ನೋಡುವವರ ಹಾಗೆ ಕಾರಿನ ಆ ಬದಿಗೆ ಹೋಗಿ ಬಗ್ಗಿದರು.

ವೆರ್ನಾ ಗಂಡನ ಎದುರಿಗೆ ಬಂದು ನಿಂತಳು.

"ಎಷ್ಟು ಕಾಣುತ್ತೆ? ನಿಜ ಹೇಳು."

"ನೇರ ನೋಡಿದ್ರೆ ನಿನ್ನ ಮುಖವೇ ಇಲ್ಲ, ವೆರ್ನಾ. ಬರೀ ಹೊಗೆ." ಅವನು ತಲೆಯನ್ನು ಬೇಲಿಯ ಕಡೆಗೆ ತಿರುಗಿಸಿದ. "ಹೀಗೆ ಬೇರೆ ಕಡೆ ನೋಡಿದ್ರೆ ಓರೆಯಲ್ಲಿ ಸ್ವಲ್ಪ ಬರ್ತೀಯ."

"ಊಟಕ್ಕೆ ಕೂತಾಗೆಲ್ಲ ಗೋಡೆ ಕಡೆ ಮುಖ ಮಾಡ್ತಿದ್ದೆಯಲ್ಲ. ನನ್ನ ಮುಖ ನೋಡೋಕೂ ಬೇಸರ ಅಂದ್ಕೊಂಡಿದ್ದೆ."

"ನಿನ್ನನ್ನೇ ನೋಡ್ತಿದ್ದೆ."

ವೆರ್ನಾ ಏಪ್ರನ್ನಿನ ತುದಿಯಿಂದ ಮೂಗೊರೆಸಿಕೊಂಡು, ಅವನ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ನಿಂತಳು.

"ಈಗ?"

"ಇನ್ನೊಂಚೂರು ಈ ಕಡೆ ಬಾ," ಅಂದ ಹೆಡ್ಲಿ, ಬೇಲಿಯನ್ನೇ ನೋಡುತ್ತ.

ಅವಳು ಬಂದಳು.